ಅಮೆರಿಕದಲ್ಲಿ ಒಳ್ಳೆಯ ಶಾಲೆಗಾಗಿ ಸುಳ್ಳು ವಿಳಾಸ ಕೊಟ್ಟರೆ ಜೈಲಾಗುತ್ತದೆಯೇ?

ಆಗಬಹುದು, ಆಗಿಯೂ ಇದೆ. ಅಲ್ಲಿ ಸರ್ಕಾರಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ದುಬಾರಿ ಮನೆಗಳಿರುವ ಕಡೆ ಶಾಲೆಯ ಕೈಯಲ್ಲೂ ಕಾಸಾಡುತ್ತದೆ. ಹಾಗಾಗಿಯೇ ಶಾಲೆಯ ವ್ಯಾಪ್ತಿಯ ಗಡಿಯಾಚೆಯ ಮಗು ಬಂದರೆ ತಕರಾರು. ಒಹಾಯೊ ರಾಜ್ಯದ ಆಕ್ರನ್‌ ನಗರದ ತಾಯಿಯೊಬ್ಬರು ತಮ್ಮ ತಂದೆಯ ಮನೆಯ ವಿಳಾಸ ತೋರಿಸಿ ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಕಾಪ್ಲಿ-ಫೇರ್‌ಲಾನ್ ಶಾಲೆಗೆ ಸೇರಿಸಿದ್ದರು. ಶಾಲಾ ಆಡಳಿತ ಖಾಸಗಿ ಪತ್ತೇದಾರನನ್ನು ನೇಮಿಸಿ, ಅವರು ಮಕ್ಕಳನ್ನು ಕಾರಿನಲ್ಲಿ ಕರೆತರುವುದನ್ನು ವಿಡಿಯೊ ಮಾಡಿಸಿತು. ಸುಳ್ಳು ಸುಳ್ಳೇ, ಒಪ್ಪೋಣ; ಅಜ್ಜನ ಮನೆಯ ವಿಳಾಸಕ್ಕೆ ಪತ್ತೇದಾರನೇ ಬೇಕಿತ್ತೇ? 2011ರಲ್ಲಿ ಅವರು ದಾಖಲೆ ತಿರುಚಿದ ಅಪರಾಧಕ್ಕೆ ಒಂಬತ್ತು ದಿನ ಜೈಲಿನಲ್ಲಿದ್ದರು. ಅದೇ ವರ್ಷ ಗವರ್ನರ್ ಜಾನ್ ಕೇಸಿಕ್ ಅದನ್ನು ಸಣ್ಣ ಅಪರಾಧಕ್ಕೆ ಇಳಿಸಿದರು.