ಮಕ್ಕಳಿಗೆ ಕೀಟನಾಶಕ ತಗಲುವುದನ್ನು ಕಡಿಮೆ ಮಾಡಲು ಹಣ್ಣು-ತರಕಾರಿ ತೊಳೆದರೆ ಸಾಕೇ?

ತೊಳೆಯಲೇಬೇಕು, ಆದರೆ ಅಷ್ಟೇ ಸಾಲದು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಮೊದಲು ನೆಲದ ಕಡೆ ಗಮನ ಕೊಡಿ ಎನ್ನುತ್ತೇನೆ. ಜಿರಳೆಗೆಂದು ಮೂಲೆಗೆ ಹೊಡೆದ ಸ್ಪ್ರೇ, ಒಳಗೆ ಬಿಸಿಲು-ಮಳೆ ಬೀಳದ ಕಾರಣ, ಬೇಗ ನಾಶವಾಗುವುದಿಲ್ಲ. ದೂಳು, ಚಾಪೆ, ಬಟ್ಟೆಯ ಗೊಂಬೆಗಳಲ್ಲಿ ಕೂತಿರುತ್ತದೆ. ಮಗು ಅದೇ ಗೊಂಬೆಯ ಕಿವಿಯನ್ನು ಬಾಯಿಗಿಟ್ಟು ಚೀಪುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಉಸಿರಾಡುತ್ತಾರೆ, ಹೆಚ್ಚು ತಿನ್ನುತ್ತಾರೆ, ಅವರ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ.

ಹಾಗಾಗಿ ಸ್ಪ್ರೇ ಬಿಡಿ. ಬಿರುಕು ಮುಚ್ಚಿ, ಸೋರುವ ನಲ್ಲಿ ಸರಿಪಡಿಸಿ, ರಾತ್ರಿ ಎಂಜಲು ಪಾತ್ರೆ ಉಳಿಸಬೇಡಿ. ಆಮೇಲೂ ಬೇಕೆನಿಸಿದರೆ ಮಗುವಿನ ಕೈಗೆ ಸಿಗದ ಕಡೆ ಜಿರಳೆ ಕೊಲ್ಲುವ ಜೆಲ್ ಇಡಿ. ಚಪ್ಪಲಿ ಹೊರಗಿರಲಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಉಳಿದ ಕೀಟನಾಶಕವನ್ನು ಜ್ಯೂಸ್ ಬಾಟಲಿಗೆ ಸುರಿದಿಡುವುದಂತೂ ಬೇಡವೇ ಬೇಡ, ಮಕ್ಕಳು ಕುಡಿದುಬಿಡುತ್ತಾರೆ.

ಹಣ್ಣನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ, ಸೋಪು ಬೇಡ. ಎಲೆಕೋಸಿನ ಹೊರ ಎಲೆ ತೆಗೆಯಿರಿ. ಗಿಡವೇ ಹೀರಿಕೊಂಡ ಕೀಟನಾಶಕ ತೊಳೆದರೆ ಹೋಗದು. ಅಲ್ಲಿ ಸಾವಯವ ಆಹಾರ ನೆರವಾಗುತ್ತದೆ. ಅಮೆರಿಕದಲ್ಲಿ 23 ಮಕ್ಕಳಿಗೆ 5 ದಿನ ಅದನ್ನೇ ಕೊಟ್ಟಾಗ ಮೂತ್ರದಲ್ಲಿ ಮೆಲಾಥಿಯಾನ್ ಎಂಬ ಕೀಟನಾಶಕದ ಕುರುಹು ಬಹುತೇಕ ಕಾಣದಷ್ಟು ಇಳಿದಿತ್ತು (2006ರ ಅಧ್ಯಯನ). ದುಬಾರಿಯಾದರೆ ಮಗು ಸಿಪ್ಪೆ ಸಮೇತ ದಿನವೂ ತಿನ್ನುವ ಒಂದೆರಡು ಹಣ್ಣನ್ನಷ್ಟೇ ಸಾವಯವದ್ದು ತನ್ನಿ. ಭಯಪಟ್ಟು ಹಣ್ಣು-ತರಕಾರಿ ಮಾತ್ರ ಕಡಿಮೆ ಮಾಡಬೇಡಿ.