ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಲ್ಯಾಬಲ್ಲಿ 9.8 ಬರ್ಲಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ಸರ್, ಯೂನಿವರ್ಸಿಟಿಯಲ್ಲಿ ಮೊದಲನೇ ವರ್ಷದ ಸೈನ್ಸ್ ಓದ್ತಿದೀನಿ. ಪೆಂಡುಲಮ್ ಪ್ರಯೋಗದಲ್ಲಿ ಜಿ (ಭೂಮಿಯ ಗುರುತ್ವ ವೇಗೋತ್ಕರ್ಷ) ಬೆಲೆ 9.8 ಬರ್ಬೇಕು, ನಂಗೆ ಮೂರು ಸಲನೂ 9.5 ಹತ್ರಾನೇ ಬಂತು. ಕ್ಲಾಸಲ್ಲಿ ಎಲ್ರೂ ಉತ್ತರ ಮುಂದಿಟ್ಕೊಂಡು ಉಲ್ಟಾ ಲೆಕ್ಕ ಹಾಕಿ ರೀಡಿಂಗ್ ಬರ್ಕೊಂಡು ಫುಲ್ ಮಾರ್ಕ್ಸ್ ತಗೋತಾರೆ. ನಾನೂ ಹಾಗೇ ಮಾಡ್ಲಾ? ಅಷ್ಟಕ್ಕೂ ಗೊತ್ತಿರೋ ಉತ್ತರಾನ ಮತ್ತೆ ಕಂಡುಹಿಡಿಯೋದು ಯಾಕೆ?

ಉತ್ತರ: ಮಾಡ್ಬೇಡಿ. ನೀತಿಪಾಠ ಹೇಳ್ತಿಲ್ಲ, ಅವರ 9.8ಕ್ಕಿಂತ ನಿಮ್ಮ 9.5ರಲ್ಲೇ ಫಿಸಿಕ್ಸ್ ಜಾಸ್ತಿ ಇದೆ. ಮೂರು ಸಲನೂ ಒಂದೇ ಕಡೆ ವಾಲ್ತಿದೆ ಅಂದ್ರೆ ಏನೋ ಕಾರಣ ಇರ್ಲೇಬೇಕು. ಗುಂಡನ್ನ ಎಷ್ಟು ದೂರ ಎಳೆದು ಬಿಟ್ರಿ ನೆನಪಿದ್ಯಾ? ಪುಸ್ತಕದ ಸೂತ್ರ ಸಣ್ಣ ತೂಗಾಟಕ್ಕೆ ಮಾತ್ರ ಸರಿ, 30 ಡಿಗ್ರಿ ಎಳೆದು ಬಿಟ್ರೆ ಒಂದೊಂದು ತೂಗಾಟಕ್ಕೂ ಸುಮಾರು 1.7 ಪರ್ಸೆಂಟ್ ಜಾಸ್ತಿ ಟೈಮ್ ಹಿಡಿಯತ್ತೆ, ಸೂತ್ರದಲ್ಲಿ ಟೈಮ್ ವರ್ಗವಾಗಿ ಕೂತಿರೋದ್ರಿಂದ ಆ ತಪ್ಪು ಡಬಲ್ ಆಗಿ ಜಿ ಸೀದಾ 9.5 ಹತ್ರ ಬಂದು ನಿಲ್ಲತ್ತೆ. ದಾರಾನ ಗುಂಡಿನ ಮಧ್ಯದವರೆಗೆ ಅಳೀದೆ ಕೊಕ್ಕೆವರೆಗೆ ಅಳೆದಿದ್ರೂ ಕಮ್ಮಿನೇ ಬರೋದು. ಗುಂಡು ಬಿಟ್ಟ ಕ್ಷಣಾನೇ 'ಒಂದು' ಅಂತ ಎಣಿಸೋರಿಗೆ ಮಾತ್ರ 19 ತೂಗಾಟ 20 ಅಂತ ಲೆಕ್ಕವಾಗಿ ಜಿ 10.8 ದಾಟತ್ತೆ, ಅದು ಬೇರೆ ಕಥೆ. 5 ಡಿಗ್ರಿ ಒಳಗೆ ಎಳೆದು ಇನ್ನೊಂದ್ಸಲ ಮಾಡಿ, ಎರಡೂ ರೀಡಿಂಗ್ ರೆಕಾರ್ಡಲ್ಲಿ ಬರೀರಿ. ವೈವಾದಲ್ಲಿ ಮಾತಾಡೋಕೆ ನಿಮ್ಮ ಹತ್ರ ಏನಾದ್ರೂ ಇರತ್ತೆ, ಉಲ್ಟಾ ಲೆಕ್ಕದವರ ಹತ್ರ ಇರಲ್ಲ.

ಗೊತ್ತಿರೋ ಉತ್ತರ ಅಂದ್ರಲ್ಲ, ನೈಟ್ರೋಜನ್ ತೂಕಾನೂ ಗೊತ್ತಿರೋದೇ ಆಗಿತ್ತು. ಇಂಗ್ಲೆಂಡಿನ ಫಿಸಿಕ್ಸ್ ವಿಜ್ಞಾನಿ ಲಾರ್ಡ್ ರೇಲಿ ಅದನ್ನ ಮತ್ತೆ ತೂಗೋಕೆ ಕೂತಾಗ ಗಾಳಿಯಿಂದ ತೆಗೆದ ನೈಟ್ರೋಜನ್‌ಗೂ ಅಮೋನಿಯಾ ಬಳಸಿ ತೆಗೆದಿದ್ದಕ್ಕೂ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ ಬಂತು. ಅಡ್ಜಸ್ಟ್ ಮಾಡ್ಲಿಲ್ಲ ಪುಣ್ಯಾತ್ಮ, 1892ರಲ್ಲಿ ನೇಚರ್ ಪತ್ರಿಕೆಗೆ ಕಾಗದ ಬರೆದು ಇದ್ಯಾಕೆ ಹಿಂಗೆ, ಕೆಮಿಸ್ಟ್ರಿ ಗೊತ್ತಿರೋ ಓದುಗರು ಯಾರಾದ್ರೂ ಹೇಳಿ ಅಂತ ಕೇಳ್ಕೊಂಡ (ಥೇಟ್ ನಿಮ್ಮ ಥರಾನೇ!). ಆಮೇಲೆ ಬೇರೆ ವಿಧಾನದಲ್ಲಿ ಮಾಡಿದ್ರೆ ವ್ಯತ್ಯಾಸ ಇನ್ನೂ ಬೆಳೀತು, ಒಂದೇ ಗಾಜಿನ ಬುರುಡೆ ತುಂಬೋಕೆ ಗಾಳಿಯ ನೈಟ್ರೋಜನ್ 2.310 ಗ್ರಾಂ, ರಾಸಾಯನಿಕಗಳಿಂದ ತೆಗೆದಿದ್ದು 2.299. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ವಿಲಿಯಂ ರಾಮ್ಸೆ ಜೊತೆ ಸೇರಿ ಬೆನ್ನು ಹತ್ತಿದ್ಮೇಲೆ 1894ರಲ್ಲಿ ಸಿಕ್ಕಿದ್ದು ಆರ್ಗಾನ್ ಅನ್ನೋ ಹೊಸ ಅನಿಲ. ಗಾಳಿಯಲ್ಲಿ ಹತ್ತತ್ರ ಒಂದು ಪರ್ಸೆಂಟ್ ಇದ್ರೂ ಅಲ್ಲಿವರೆಗೆ ಅದರ ಗುರುತು ಯಾರೂ ಹಿಡಿದಿರ್ಲಿಲ್ಲ. 1904ರಲ್ಲಿ ಇಬ್ಬರಿಗೂ ನೊಬೆಲ್, ರೇಲಿಗೆ ಫಿಸಿಕ್ಸ್, ರಾಮ್ಸೆಗೆ ಕೆಮಿಸ್ಟ್ರಿ.

ಪ್ರಶ್ನೆ: ಇಂಜಿನಿಯರಿಂಗ್ ಓದ್ತಿರೋಳು ನಾನು. ಮೂಲ ವಿಜ್ಞಾನದ ಸಂಶೋಧನೆ ನಮ್ಗಲ್ಲ ಅಂತಾರೆ, ಹೌದಾ?

ಉತ್ತರ: ಹಾಗಂದೋರಿಗೆ ಸಾಡಿ ಕಾರ್ನೋ ಹೆಸರು ಹೇಳಿ. ಫ್ರೆಂಚ್ ಮಿಲಿಟರಿ ಇಂಜಿನಿಯರ್, ಸ್ಟೀಮ್ ಇಂಜಿನ್ನಿಂದ ಎಷ್ಟು ಕೆಲಸ ಹಿಂಡಬಹುದು ಅಂತ ತಲೆ ಕೆಡಿಸ್ಕೊಂಡು 1824ರಲ್ಲಿ ಬರೆದಿದ್ದೇ ಥರ್ಮೋಡೈನಮಿಕ್ಸ್‌ಗೆ (ಶಾಖ ಮತ್ತು ಕೆಲಸದ ಸಂಬಂಧ ಹೇಳೋ ವಿಜ್ಞಾನ) ತಳಪಾಯ ಆಯ್ತು.

ಪ್ರಶ್ನೆ: ಪಿಎಚ್‌ಡಿ ಅಂದ್ರೆ ಗೈಡ್ ಹೇಳಿದ ಕೆಲಸ ಮಾಡ್ಕೊಂಡಿರೋದು ತಾನೆ?

ಉತ್ತರ: ಅರ್ಧ ನಿಜ. ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಪಿಎಚ್‌ಡಿ ಮಾಡೋವಾಗ ಎರಡು ವರ್ಷ ರೇಡಿಯೋ ಟೆಲಿಸ್ಕೋಪ್ ಕಟ್ಟೋದ್ರಲ್ಲೇ ಹೋಯ್ತು, ಆಮೇಲೆ ದಿನಕ್ಕೆ ಸುಮಾರು 30 ಮೀಟರ್ ಚಾರ್ಟ್ ಪೇಪರ್ ಕಣ್ಣಲ್ಲೇ ನೋಡೋ ಕೆಲಸ. ಅದ್ರಲ್ಲಿ ಒಂದು ಕಡೆ ಗೀಚಿದ ಹಾಗೆ ಸಣ್ಣ ಗುರುತು. ಗೈಡ್ ಮೊದ್ಲು ಇದು ಮನುಷ್ಯರು ಮಾಡಿರೋ ಸಿಗ್ನಲ್ಲೇ ಇರ್ಬೇಕು ಅಂದ್ರು, ಆಕೆ ಬಿಡ್ಲಿಲ್ಲ, 1.34 ಸೆಕೆಂಡಿಗೊಮ್ಮೆ ಮಿಡೀತಿದ್ದ ಅದೇ 1967ರಲ್ಲಿ ಸಿಕ್ಕ ಮೊದಲ ಪಲ್ಸಾರ್ (ತಿರುಗ್ತಾ ರೇಡಿಯೋ ಮಿಡಿತ ಕಳಿಸೋ ನಕ್ಷತ್ರ). 1974ರ ನೊಬೆಲ್ ಮಾತ್ರ ಗೈಡ್ ಆಂಟನಿ ಹ್ಯೂವಿಶ್‌ಗೆ ಮತ್ತು ಮಾರ್ಟಿನ್ ರೈಲ್‌ಗೆ ಹೋಯ್ತು, ಆಕೆಗೆ ಬರ್ಲಿಲ್ಲ, ನನಗಂತೂ ಇವತ್ತಿಗೂ ಅದು ಸರಿ ಅನ್ಸಲ್ಲ. ಹಾಗಾಗಿ ಸೇರೋ ಮುಂಚೆ ಆ ಗೈಡ್ ಕೈಕೆಳಗೆ ಈಗಿರೋ ಸ್ಟೂಡೆಂಟ್ಸ್ ಹತ್ರ ಒಬ್ಬೊಬ್ಬರ ಹತ್ರಾನೇ ಕೂತು ಮಾತಾಡಿ, ಪೇಪರ್ ಬಂದಾಗ ಮೊದಲ ಹೆಸರು ಯಾರದಿರತ್ತೆ ಅಂತನೂ ಕೇಳಿ.