ಮಲೆನಾಡಿನಿಂದ ತುಮಕೂರಿಗೆ ಬರುವವರು ಎಂಥ ಮನೆ ನೋಡಬೇಕು?

ಮೂಡಿಗೆರೆಯ ಮಳೆ, ಚಳಿಗೆ ವಯಸ್ಸಾದ ತಂದೆತಾಯಿ ಸೋತಿದ್ದಾರೆ, ಬೆಚ್ಚಗಿರುವ ತುಮಕೂರಿಗೆ ಕರೆತರಬೇಕೆಂದಿದ್ದೇನೆ, ಎಲ್ಲಿ ಮನೆ ನೋಡಲಿ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ಇದೇ ಕಾರಣಕ್ಕೆ ನಾನು ಅಮ್ಮನನ್ನು ಸಕಲೇಶಪುರದಿಂದ ಇಲ್ಲಿಗೆ ಕರೆತಂದೆ. ಮೊದಲ ಮನೆಯ ಆಯ್ಕೆಯಲ್ಲಿ ತಪ್ಪಿದೆ, ಅದರ ಫಲವನ್ನು ಅನುಭವಿಸಿದ್ದು ಅಮ್ಮ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ಮನೆ ನೋಡಿದ್ದು ಡಿಸೆಂಬರಿನಲ್ಲಿ. ಎರಡನೇ ಮಹಡಿ, ತಲೆಯ ಮೇಲೆ ಬರಿಯ ತಾರಸಿ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಸಂಜೆಬಿಸಿಲು ಮಂಚದ ತನಕ ಬರುವುದನ್ನು ಕಂಡು ಅಮ್ಮನಿಗೆ ಖುಷಿಯೋ ಖುಷಿ. ಜೂನ್ ಬಂತೆಂದರೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹರವಿ, ಹೊಗೆ ವಾಸನೆಯೊಂದಿಗೇ ಉಡುತ್ತಿದ್ದವರು ನಾವು. ಅಂದೇ ಮುಂಗಡ ಕೊಟ್ಟೆವು. ಏಪ್ರಿಲ್‌ನಲ್ಲಿ ಗೊತ್ತಾಯಿತು. ಹಗಲೆಲ್ಲ ಕಾದ ತಾರಸಿ ರಾತ್ರಿ ಹನ್ನೊಂದಾದರೂ ಆರುತ್ತಿರಲಿಲ್ಲ, ಫ್ಯಾನ್ ಹಾಕಿದರೆ ಆ ಬಿಸಿಯೇ ಕೆಳಗಿಳಿಯುತ್ತಿತ್ತು. ಅಮ್ಮ ಗೋಡೆಗೆ ಅಂಗೈ ಒತ್ತಿ, "ಕಾವಲಿಯ ಹಾಗಿದೆಯಲ್ಲೋ" ಎಂದರು. ಆ ಬೇಸಿಗೆ ಪೂರ್ತಿ ಒದ್ದೆ ಟವೆಲ್ ಹೊದ್ದು ನೆಲದ ಮೇಲೆ ಮಲಗಿದರು.

ಈಗಿರುವುದು ನೆಲಮಹಡಿ. ಮೇಲೆ ಇನ್ನೊಂದು ಸಂಸಾರವಿದೆ, ಪಶ್ಚಿಮಕ್ಕೆ ಒಂದು ಹೊಂಗೆ ಮರ. ಹೊಂಗೆ ಎಲೆಯುದುರಿಸಿ ಮತ್ತೆ ಚಿಗುರುವುದು ಬಿಸಿಲು ಏರುವ ಹೊತ್ತಿಗೇ. ಹೀಗಾಗಿ ನೆರಳು ಬೇಕಾದಾಗ ಸರಿಯಾಗಿ ಸಿಗುತ್ತದೆ. ಊರು ಅದೇ, ಬಿಸಿಲು ಅದೇ, ಅಮ್ಮ ಮಾತ್ರ ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯದು ಕರಾವಳಿಯಂತೆ ಬೆವರು ಸುರಿಸುವ ಸೆಕೆಯಲ್ಲ, ಒಣ ಬಿಸಿಲು. ನೆರಳಿಗೆ ಸರಿದರೆ ಹಗುರವೆನಿಸುತ್ತದೆ. ಮುಂಗಾರಿನ ಮೋಡಗಳು ಘಟ್ಟದಲ್ಲೇ ಸುರಿದು ಬರುವುದರಿಂದ ಜೂನ್, ಜುಲೈನಲ್ಲಿ ಇಲ್ಲಿ ಗಾಳಿ ಮತ್ತು ತುಂತುರು ಹೆಚ್ಚು. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹಾಗೆಂದು ಕಂಬಳಿಗಳನ್ನು ಯಾರಿಗೂ ಕೊಟ್ಟುಬಿಡಬೇಡಿ, ಜನವರಿಯ ಬೆಳಗಿನ ಜಾವಕ್ಕೆ ಬೇಕಾಗುತ್ತವೆ.

ಬಿಸಿಲಿಗಿಂತ ಮೊದಲು ವಿಚಾರಿಸಬೇಕಾದದ್ದು ನೀರು. ಮಲೆನಾಡಿನ ನಮಗೆ ಅದು ಹೊಳೆಯುವುದೇ ಇಲ್ಲ. ನಿಮ್ಮ ತಾಲ್ಲೂಕಿನಲ್ಲೇ ಹುಟ್ಟುವ ಹೇಮಾವತಿ, ಗೊರೂರು ಅಣೆಕಟ್ಟೆಯಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆಗೆ ಬಂದು, ಶುದ್ಧಗೊಂಡು ತುಮಕೂರಿನ ನಲ್ಲಿಗಳಿಗೆ ಬರುತ್ತದೆ. ನಿಮ್ಮ ತಾಯಿಗೆ ಇದನ್ನು ಹೇಳಿ, ನಮ್ಮಮ್ಮನಿಗೆ ಅದೊಂದು ದೊಡ್ಡ ಸಮಾಧಾನವಾಗಿತ್ತು. ಊರಂಚಿನ ಹೊಸ ಬಡಾವಣೆಗಳಲ್ಲಿ ಕೊಳವೆಬಾವಿಯನ್ನೇ ನಂಬಿದ ಮನೆಗಳಿವೆ. ಅಲ್ಲಿಯ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು ಎಂದು ಮನೆ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಬಾಡಿಗೆ ಕಡಿಮೆಯೆಂದು ಪಾವಗಡದ ಕಡೆ ಹೋಗುವ ಯೋಚನೆಯಿದ್ದರೆ ಅಲ್ಲಿಯ ಅಂತರ್ಜಲದ ಫ್ಲೋರೈಡ್ ನೆನಪಿರಲಿ, ಅತಿಯಾದರೆ ಮೂಳೆ, ಕೀಲುಗಳನ್ನು ಕೆಡಿಸುವ ಲವಣವದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಹೋಗುವ ವಸ್ತುವೂ ಅಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಮೊದಲೇ ಕೀಲುನೋವಿರುವ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಲು ನನಗೆ ಮನಸ್ಸಾಗದು.

ಬಡಾವಣೆಯ ವಿಷಯಕ್ಕೆ ಬಂದರೆ, ಎಸ್.ಎಸ್. ಪುರಂ, ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ನೋಡಿ, ಆಸ್ಪತ್ರೆ ಅಂಗಡಿ ಹತ್ತಿರ. ಕ್ಯಾತ್ಸಂದ್ರವೂ ಆದೀತು, ಹೆದ್ದಾರಿಯ ಸದ್ದಿನಿಂದ ಒಳಗಿರಲಿ. ಏಪ್ರಿಲ್ ಕೊನೆಯ ವಾರ ಬನ್ನಿ. ಮನೆ ತೋರಿಸುವವರು ಬೆಳಗ್ಗೆ ಬನ್ನಿ ಎಂದರೂ ಸಂಜೆ ಏಳಕ್ಕೇ ಹೋಗಿ, ಪಶ್ಚಿಮದ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಆಮೇಲೆ ಮುಂಗಡದ ಮಾತು.